ಗೋಡೆ ಮೇಲಿನ ಕೆಂಪು ಗೀಟು: ಸಣ್ಣ ಊರಿನ ತೀರ್ಮಾನಗಳು ಆಗೋದು ಎಲ್ಲಿ?

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಲು ಬರುತ್ತೀರಿ. ಶಟರ್ ಪಕ್ಕದ ಗೋಡೆಯ ಮೇಲೆ ಕೆಂಪು ಬಣ್ಣದ ಒಂದು ಗೀಟು. ಪಕ್ಕದಲ್ಲಿ ಬಾಣದ ಗುರುತು, ಅದರ ಕೆಳಗೆ "4.2 ಮೀ". ರಸ್ತೆ ಅಗಲ ಮಾಡಲು ಇಷ್ಟು ಜಾಗ ಬೇಕು ಅನ್ನುವ ಗುರುತು ಅದು. ಆಚೆಯ ಔಷಧಿ ಅಂಗಡಿಯಲ್ಲೂ ಇದೆ, ಅದರಾಚೆಯ ಟೈಲರ್ ಅಂಗಡಿಯಲ್ಲೂ ಇದೆ. ಮಧ್ಯಾಹ್ನದ ಹೊತ್ತಿಗೆ ಪೇಟೆ ಬೀದಿಯಲ್ಲೆಲ್ಲ ಒಂದೇ ಮಾತು: "ಯಾರನ್ನ ಕೇಳಿ ಮಾಡಿದ್ರು ಇದನ್ನ?"

ವಾರ್ಡಿನ ಸದಸ್ಯರನ್ನು ಕೇಳಿದರೆ "ಅದು ಪಿಡಬ್ಲ್ಯುಡಿಯವರದ್ದು" ಅನ್ನುತ್ತಾರೆ. ಪಿಡಬ್ಲ್ಯುಡಿ ಎಂಜಿನಿಯರ್ "ಪುರಸಭೆಯೇ ಠರಾವು ಮಾಡಿ ಕಳಿಸಿದೆ" ಅನ್ನುತ್ತಾರೆ. ಪುರಸಭೆಯ ಮುಖ್ಯಾಧಿಕಾರಿ "ಡಿಸಿ ಸಾಹೇಬರ ಆದೇಶ" ಅಂದು ಫೋನ್ ಇಡುತ್ತಾರೆ. ತಮಾಷೆ ಏನು ಗೊತ್ತಾ? ಮೂವರಲ್ಲಿ ಯಾರೂ ಸುಳ್ಳು ಹೇಳದೇ ಇರಬಹುದು. ಸಣ್ಣ ಊರಿನ ಅಭಿವೃದ್ಧಿಯ ತೀರ್ಮಾನ ಒಂದೇ ಮೇಜಿನ ಮೇಲೆ ಆಗುವುದಿಲ್ಲ. ಚೂರುಚೂರಾಗಿ, ಬೇರೆ ಬೇರೆ ಕಚೇರಿಗಳಲ್ಲಿ, ಬೇರೆ ಬೇರೆ ತಿಂಗಳಲ್ಲಿ ಆಗುತ್ತದೆ. ಕೆಂಪು ಗೀಟು ಗೋಡೆಗೆ ಬರುವ ಹೊತ್ತಿಗೆ ಮಾತಾಡಬೇಕಾಗಿದ್ದ ಜಾಗಗಳೆಲ್ಲ ಹೆಚ್ಚುಕಡಿಮೆ ದಾಟಿ ಹೋಗಿರುತ್ತವೆ. ಆ ಜಾಗಗಳು ಯಾವುವು ಅಂತ ನೋಡೋಣ.

ಬೋರ್ಡು ಬದಲಾದರೆ ಏನೇನು ಬದಲಾಗುತ್ತದೆ

ಕರ್ನಾಟಕದಲ್ಲಿ ಹಳ್ಳಿಗೆ ಗ್ರಾಮ ಪಂಚಾಯಿತಿ. ಜನ 10 ಸಾವಿರ ದಾಟಿ, ದುಡಿಯುವವರಲ್ಲಿ ಅರ್ಧದಷ್ಟು ಮಂದಿ ಬೇಸಾಯ ಬಿಟ್ಟು ಬೇರೆ ಕಸುಬಿಗೆ ಇಳಿದಿದ್ದರೆ ಅದು ಪಟ್ಟಣ ಪಂಚಾಯಿತಿ ಆಗಬಹುದು. 20 ಸಾವಿರ ದಾಟಿದರೆ ಪುರಸಭೆ. 50 ಸಾವಿರ ದಾಟಿದರೆ ನಗರಸಭೆ. 3 ಲಕ್ಷದ ಮೇಲೆ ಮಹಾನಗರ ಪಾಲಿಕೆ. ಬೆಂಗಳೂರಿನ ಹೊರಗಿನ ಪಾಲಿಕೆಗಳಿಗೆ 1976ರ ಬೇರೆ ಕಾಯ್ದೆ ಇದೆ. ಉಳಿದ ಮೂರಕ್ಕೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯೇ ಆಧಾರ. ಈ ಲೆಕ್ಕ ಕಲ್ಲಿನಲ್ಲಿ ಕೆತ್ತಿದ್ದೇನಲ್ಲ. 10 ಸಾವಿರಕ್ಕಿಂತ ಕಡಿಮೆ ಜನ ಇರುವ ಶೃಂಗೇರಿಯೂ ಪಟ್ಟಣ ಪಂಚಾಯಿತಿಯೇ.

ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿ ಆದಾಗ ಪಟಾಕಿ ಹೊಡೆಯುತ್ತಾರೆ, ಫ್ಲೆಕ್ಸ್ ಕಟ್ಟುತ್ತಾರೆ. "ಮೇಲ್ದರ್ಜೆಗೆ ಏರಿತು" ಅನ್ನುತ್ತಾರೆ. ಅನುದಾನ ಜಾಸ್ತಿ ಬರುತ್ತದೆ, ನಿಜ. ಆದರೆ ಅವತ್ತು ಊರು ಕಳೆದುಕೊಳ್ಳುವುದನ್ನು ಫ್ಲೆಕ್ಸಿನಲ್ಲಿ ಯಾರೂ ಬರೆಯುವುದಿಲ್ಲ. ಮೊದಲು ಹೋಗುವುದು ಉದ್ಯೋಗ ಖಾತ್ರಿಯ ಕೂಲಿ ಕೆಲಸ. ಅದು ಹಳ್ಳಿಗಳಿಗೆ ಮಾತ್ರ. ಎರಡನೆಯದು ಜಮೀನಿನ ಪರಿಹಾರ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪಟ್ಟಣದಲ್ಲಿ ಜಾಗ ಹೋದರೆ ಸಿಗುವುದು ಸುಮಾರಾಗಿ ಮಾರುಕಟ್ಟೆ ಬೆಲೆಯ 2 ಪಟ್ಟು. ಹಳ್ಳಿಯಲ್ಲಾದರೆ ಅದು 4 ಪಟ್ಟಿನವರೆಗೂ ಏರಬಹುದು. ಅದೇ ಹೊಲ, ಅದೇ ಬದು. ಬೋರ್ಡು ಮಾತ್ರ ಬೇರೆ.

ಮೂರನೆಯದು ಗ್ರಾಮಸಭೆ. ನನ್ನ ಪ್ರಕಾರ ದೊಡ್ಡ ನಷ್ಟ ಇದೇ. ಗ್ರಾಮಸಭೆ ಅಂದರೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಕೂಗಾಟ ಅಂತ ನಗುವವರಿದ್ದಾರೆ. ನಗಲಿ. ಆದರೆ ಅಲ್ಲಿ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಸದಸ್ಯರು. ಎದ್ದು ನಿಂತು "ಆ ಮನೆ ಅವರಿಗೆ ಹೇಗೆ ಬಂತು?" ಅಂತ ಕೇಳುವುದು ಅವರ ಹಕ್ಕು, ಯಾರೋ ಕೊಟ್ಟ ಅವಕಾಶ ಅಲ್ಲ. ಪುರಸಭೆಯಲ್ಲಿ ಇಂಥದ್ದೊಂದು ಸಭೆ ಇಲ್ಲ. ಸಂವಿಧಾನ ವಾರ್ಡ್ ಸಮಿತಿ ಇರಲೇಬೇಕು ಅಂತ ಹೇಳಿರುವುದು 3 ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರುಗಳಿಗೆ. ಹಾಗಾಗಿ ಸಣ್ಣ ಪಟ್ಟಣ ಮಧ್ಯದಲ್ಲಿ ಸಿಕ್ಕಿಕೊಂಡಿದೆ. ಈ ಕಡೆ ಗ್ರಾಮಸಭೆಯೂ ಇಲ್ಲ, ಆ ಕಡೆ ವಾರ್ಡ್ ಸಮಿತಿಯೂ ಇಲ್ಲ. 5 ಸಾವಿರ ಜನರ ಹಳ್ಳಿಯವರಿಗೆ ಇರುವ ಮೈಕು 25 ಸಾವಿರ ಜನರ ಪಟ್ಟಣದವರಿಗೆ ಇಲ್ಲ.

ಗ್ರಾಮ ಪಂಚಾಯಿತಿಯನ್ನು ಪಟ್ಟಣ ಮಾಡುವ ಮೊದಲು ಸರ್ಕಾರ ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಆ ಕಾಗದವನ್ನು ನೋಟಿಸ್ ಬೋರ್ಡಿನಲ್ಲಿ ನಿಂತು ಓದಿದವರು ಎಷ್ಟು ಮಂದಿ ಇದ್ದಾರು?

ತಿಂಗಳ ಸಭೆ ಅನ್ನೋ ನಾಟಕದ ಒಳಗೆ

1993ರ ಜೂನ್ 1ರಂದು ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂತು. ಪಟ್ಟಣದ ಆಡಳಿತ ಇನ್ನು ಮೇಲೆ ಸರ್ಕಾರದ ದಯೆ ಅಲ್ಲ, 5 ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು ಅಂತ ಅದು ಹೇಳಿತು. 12ನೇ ಅನುಸೂಚಿಯಲ್ಲಿ 18 ವಿಷಯಗಳನ್ನು ಪಟ್ಟಿ ಮಾಡಿತು: ನಗರ ಯೋಜನೆ, ರಸ್ತೆ, ನೀರು, ಕಸ, ಉದ್ಯಾನ, ಸ್ಮಶಾನ, ಕಸಾಯಿಖಾನೆ ಹೀಗೆ. ಓದಿದರೆ ಊರಿನ ಯಜಮಾನಿಕೆ ಪೂರ್ತಿ ಪುರಸಭೆಯದ್ದೇ ಅನ್ನಿಸುತ್ತದೆ. ಆದರೆ ಈ ವಿಷಯಗಳನ್ನು ಎಷ್ಟರ ಮಟ್ಟಿಗೆ ಕೊಡಬೇಕು ಅನ್ನೋದನ್ನು ರಾಜ್ಯದ ಕೈಗೇ ಬಿಟ್ಟಿತು. ರಾಜ್ಯ ಕೊಟ್ಟಿತು, ಆದರೆ ಬೀಗದ ಕೈಯ ಒಂದು ನಕಲು ತನ್ನ ಹತ್ತಿರ ಇಟ್ಟುಕೊಂಡಿತು.

ಪುರಸಭೆಯ ಸಾಮಾನ್ಯ ಸಭೆ ತಿಂಗಳಿಗೊಮ್ಮೆ ನಡೆಯಬೇಕು. ಗೆದ್ದ ಸದಸ್ಯರು ಇರುತ್ತಾರೆ. ಸರ್ಕಾರ ಹಾಕಿದ ನಾಮನಿರ್ದೇಶಿತ ಸದಸ್ಯರೂ ಇರುತ್ತಾರೆ, ಅವರಿಗೆ ಮತ ಹಾಕುವ ಹಕ್ಕಿಲ್ಲ. ಶಾಸಕರು, ಸಂಸದರೂ ಸದಸ್ಯರೇ. ಅಧ್ಯಕ್ಷರ ಚುನಾವಣೆಯ ದಿನ ಅವರ ಕಾರು ಪುರಸಭೆ ಮುಂದೆ ನಿಂತಿರುವುದನ್ನು ನೀವು ನೋಡಿರಬಹುದು. ಆ ಒಂದು ಮತಕ್ಕೆ ಅವತ್ತು ಬಹಳ ಬೆಲೆ.

ಸಭೆಗೆ ಮೊದಲು ಸದಸ್ಯರ ಮನೆಗೆ ಸೂಚನಾ ಪತ್ರ ಬರುತ್ತದೆ. ಅಜೆಂಡಾ ಅನ್ನುತ್ತಾರಲ್ಲ, ಅದು. ವಿಷಯ ಸಂಖ್ಯೆ 1, ಹಿಂದಿನ ಸಭೆಯ ನಡವಳಿ, ಅಂದರೆ ಸಭೆಯಲ್ಲಿ ಆದದ್ದರ ದಾಖಲೆ, ಓದಿ ದೃಢೀಕರಿಸುವುದು. ವಿಷಯ ಸಂಖ್ಯೆ 2, ಜಮಾ-ಖರ್ಚು. ಆಮೇಲೆ ಒಂದೊಂದಾಗಿ ಕಾಮಗಾರಿಗಳು. ಪ್ರತಿಯೊಂದರ ಕೊನೆಗೂ ಅದೇ ಮಾತು: "ಚರ್ಚಿಸಿ ತೀರ್ಮಾನಿಸುವ ಬಗ್ಗೆ." ಕಟ್ಟಕಡೆಗೆ ಒಂದು ಸಾಲು ಇರುತ್ತದೆ. "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು." ಈ ಸಾಲನ್ನು ನೆನಪಿಟ್ಟುಕೊಳ್ಳಿ. ಊರಿನಲ್ಲಿ ಗಲಾಟೆ ಎಬ್ಬಿಸಬಹುದಾದ ಎಷ್ಟೋ ವಿಷಯಗಳು ಅಜೆಂಡಾದಲ್ಲಿ ಕಾಣಿಸಿಕೊಳ್ಳದೆ ಈ ಬಾಗಿಲಿನಿಂದ ಒಳಗೆ ಬರುತ್ತವೆ. ಸದಸ್ಯರು ಊಟಕ್ಕೆ ಏಳುವ ಹೊತ್ತು. ಮಳಿಗೆ ಹರಾಜು ಮುಂದೂಡಿಕೆಯೋ, ಯಾವುದೋ ನಿವೇಶನಕ್ಕೆ ನಿರಾಕ್ಷೇಪಣಾ ಪತ್ರವೋ ಓದುತ್ತಾರೆ. "ಸಭೆಯು ಸರ್ವಾನುಮತದಿಂದ ಅನುಮೋದಿಸಿತು" ಅಂತ ನಡವಳಿ ಪುಸ್ತಕಕ್ಕೆ ಹೋಗುತ್ತದೆ.

ಇದರ ಅಣ್ಣ ಒಬ್ಬನಿದ್ದಾನೆ, ಹೆಸರು "ಘಟನೋತ್ತರ ಮಂಜೂರಾತಿ". ಅಂದರೆ ಕೆಲಸ ಮೊದಲು ಮುಗಿದಿರುತ್ತದೆ, ಒಪ್ಪಿಗೆ ಆಮೇಲೆ. ಪೈಪ್ ಒಡೆದು ಊರಿಗೆ ನೀರು ನಿಂತಾಗ ಸಭೆ ಕರೆಯುತ್ತಾ ಕೂರಲು ಆಗುವುದಿಲ್ಲ. ಹಾಗಾಗಿ ಈ ದಾರಿ ಬೇಕು. ಆದರೆ ವರ್ಷವಿಡೀ ಎಲ್ಲವೂ ತುರ್ತೇ ಆದರೆ? ಆಗ ಸಭೆಗೆ ಉಳಿಯುವುದು ಸಹಿ ಹಾಕುವ ಕೆಲಸ ಮಾತ್ರ.

ಸಭೆ ಒಪ್ಪಿದ್ದೇ ಕೊನೆಯಲ್ಲ ಅನ್ನೋದನ್ನೂ ಹೇಳಬೇಕು. ಠರಾವು ಕಾನೂನಿಗೆ ವಿರುದ್ಧ ಇದೆ ಅಥವಾ ಜನರಿಗೆ ತೊಂದರೆ ಆಗುತ್ತದೆ ಅನ್ನಿಸಿದರೆ ಜಿಲ್ಲಾಧಿಕಾರಿ ಅದನ್ನು ತಡೆಹಿಡಿಯಬಹುದು. ದಿನದಿನದ ಆಡಳಿತ ಮುಖ್ಯಾಧಿಕಾರಿಯ ಕೈಯಲ್ಲಿ. ಅವರು ಸರ್ಕಾರಿ ನೌಕರ, ವರ್ಗಾವಣೆ ಬೆಂಗಳೂರಿನಿಂದ ಆಗುತ್ತದೆ. ಅಧ್ಯಕ್ಷರ ಅವಧಿ 30 ತಿಂಗಳು. ಆ ಕುರ್ಚಿಯ ಮೀಸಲಾತಿ ಪಟ್ಟಿಯೂ ಸರ್ಕಾರದ್ದೇ. 2018ರಲ್ಲಿ ಗೆದ್ದ ಸದಸ್ಯರ ಕಥೆ ನೆನಪಿದೆಯಾ? ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಹಲವು ಊರುಗಳಲ್ಲಿ 2020ರವರೆಗೂ ಅಧ್ಯಕ್ಷರೇ ಇರಲಿಲ್ಲ. ಗೆದ್ದವರು ಮನೆಯಲ್ಲಿ, ಆಡಳಿತಾಧಿಕಾರಿ ಕುರ್ಚಿಯಲ್ಲಿ. ಆ ಹೊತ್ತಿನಲ್ಲಿ ಆದ ತೀರ್ಮಾನಗಳಿಗೆ ವಾರ್ಡಿನ ಸದಸ್ಯರನ್ನು ಬೈದರೆ ಅವರಾದರೂ ಏನು ಮಾಡಿಯಾರು?

ಹಣಕ್ಕೆ ಹೆಸರು ಬರೆದಿರುತ್ತದೆ

"ಬೀದಿ ದೀಪಕ್ಕೆ ದುಡ್ಡಿಲ್ಲ ಅಂತಾರೆ, ಚೆನ್ನಾಗಿರೋ ಚರಂಡಿ ಒಡೆದು ಮತ್ತೆ ಕಟ್ತಾರೆ." ಈ ಸಿಟ್ಟು ಎಲ್ಲ ಊರಿನಲ್ಲೂ ಇದೆ. ಇದರ ಹಿಂದೆ ಕಳ್ಳಾಟ ಇರಬಹುದು, ಇಲ್ಲದೆಯೂ ಇರಬಹುದು. ಮೊದಲು ನೋಡಬೇಕಾದ್ದು ಹಣ ಯಾವ ತಲೆಬರಹದ್ದು ಅಂತ.

ಪುರಸಭೆಯ ಸ್ವಂತ ಹಣ ಅಂದರೆ ಆಸ್ತಿ ತೆರಿಗೆ, ನೀರಿನ ಕಂದಾಯ, ಮಳಿಗೆ ಬಾಡಿಗೆ, ಪರವಾನಗಿ ಶುಲ್ಕ. ಸಣ್ಣ ಊರಿನಲ್ಲಿ ಇದು ನಿತ್ಯದ ಖರ್ಚಿಗೇ ಸರಿಹೋಗುತ್ತದೆ. ಉಳಿದದ್ದು ಮೇಲಿನಿಂದ ಬರುವ ಅನುದಾನ. 15ನೇ ಹಣಕಾಸು ಆಯೋಗದ 2021ರಿಂದ 2026ರವರೆಗಿನ ಅನುದಾನವನ್ನೇ ನೋಡಿ. ಸಣ್ಣ ನಗರಗಳಿಗೆ ಬಂದ ಆ ಹಣದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಉದ್ಯಾನಕ್ಕೆ ಬೇಕು ಅಂದರೂ ಅದನ್ನು ಮುಟ್ಟುವಂತಿಲ್ಲ. ಪೇಪರಿನಲ್ಲಿ "ಶೇ 24.10ರ ಯೋಜನೆ" ಅಂತ ಬರುತ್ತಲ್ಲ, ಅದು ಪರಿಶಿಷ್ಟ ಜಾತಿಯ ಶೇ 17.15 ಮತ್ತು ಪರಿಶಿಷ್ಟ ಪಂಗಡದ ಶೇ 6.95 ಸೇರಿದ ಲೆಕ್ಕ. ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5. ಇದೆಲ್ಲ ತೆಗೆದಿಟ್ಟ ಮೇಲೆ ಸದಸ್ಯರು ತಮ್ಮ ಇಷ್ಟದಂತೆ ಹಂಚಬಹುದಾದ ಹಣ ಚೂರೇ. ಅದಕ್ಕೇ ಅಷ್ಟೊಂದು ಜಗಳ.

ರಸ್ತೆಗೆ ಡಾಂಬರು ಹಾಕಿ ಮಾರನೇ ತಿಂಗಳೇ ಅಗೆಯುವುದಕ್ಕೂ ಇದೇ ಮೂಲ. ನಮ್ಮ ಬೀದಿಯಲ್ಲಿ ಆಗಿದ್ದು ಹೀಗೇ. ರಸ್ತೆ ಹಾಕಿದ್ದು ಒಂದು ಅನುದಾನದಲ್ಲಿ, ಮಾರ್ಚ್ 31ರೊಳಗೆ ಬಿಲ್ ಆಗಬೇಕಿತ್ತು. ಪೈಪ್ ಹಾಕಿದ್ದು ಬೇರೆ ಇಲಾಖೆ, ಬೇರೆ ಟೆಂಡರ್, ಬೇರೆ ಗುತ್ತಿಗೆದಾರ. ಏಪ್ರಿಲ್‌ನಲ್ಲಿ ಜೆಸಿಬಿ ಬಂದಾಗ ಡಾಂಬರಿನ ವಾಸನೆ ಇನ್ನೂ ಹೋಗಿರಲಿಲ್ಲ. ಎರಡೂ ಕಡತಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಯಾರದ್ದೂ ಆಗಿರಲಿಲ್ಲ, ಅಷ್ಟೇ.

ಈ ಕೆಲಸಗಳೆಲ್ಲ ಮೊದಲು "ಕ್ರಿಯಾ ಯೋಜನೆ" ಅನ್ನುವ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ. ಸಭೆ ಒಪ್ಪಿ, ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಮಂಜೂರಾಗಿ ಬರುತ್ತದೆ. ಆಮೇಲೆ ಅಂದಾಜುಪಟ್ಟಿ, ಟೆಂಡರ್, ಕಾರ್ಯಾದೇಶ. ಪಟ್ಟಿಯಲ್ಲಿ ನಿಮ್ಮ ಬೀದಿ ಇಲ್ಲದಿದ್ದರೆ ಟೆಂಡರ್ ಹೊತ್ತಿಗೆ ಕೂಗಾಡಿ ಉಪಯೋಗ ಇಲ್ಲ. ಬಜೆಟ್‌ಗೆ ಮೊದಲು ಪುರಸಭೆಯವರು ಊರಿನವರ ಜೊತೆ ಪೂರ್ವಭಾವಿ ಸಭೆ ಮಾಡುತ್ತಾರೆ, ಸಾಮಾನ್ಯವಾಗಿ ಚಳಿಗಾಲದಲ್ಲಿ. ಪಟ್ಟಣದವರಿಗೆ ಸಿಗುವ ಮೈಕು ಅಂದರೆ ಹೆಚ್ಚುಕಡಿಮೆ ಇದೊಂದೇ. ಅಲ್ಲಿ ಮಾತಾಡಿದ್ದನ್ನು ಬಾಯಲ್ಲಿ ಬಿಡದೆ ಬರೆದು ಕೊಟ್ಟು ಸ್ವೀಕೃತಿ ತಗೊಂಡರೆ ಅದು ಕಡತದೊಳಗೆ ಕೂರುತ್ತದೆ.

ಬಡಾವಣೆಯಲ್ಲಿ ಪಾರ್ಕ್ ಎಲ್ಲಿ ಹೋಯ್ತು

ಊರಿನ ಅಂಚಿನ ಗದ್ದೆ ಸೈಟುಗಳಾಗುವ ಹಾದಿ ಬೇರೆ. ಮೊದಲು ಭೂ ಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸುವುದು, ಅದು ಜಿಲ್ಲಾಧಿಕಾರಿಯಿಂದ. ಆಮೇಲೆ ಬಡಾವಣೆ ನಕ್ಷೆಗೆ ಅನುಮೋದನೆ, ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕೆಳಗೆ. ಎಷ್ಟೋ ಊರುಗಳಲ್ಲಿ ಪುರಸಭೆಯೇ ಬೇರೆ, ಯೋಜನಾ ಪ್ರಾಧಿಕಾರವೇ ಬೇರೆ. ಪ್ರಾಧಿಕಾರದ ಅಧ್ಯಕ್ಷರನ್ನು ಯಾರೂ ಮತ ಹಾಕಿ ಗೆಲ್ಲಿಸಿರುವುದಿಲ್ಲ, ಸರ್ಕಾರವೇ ನೇಮಿಸಿರುತ್ತದೆ.

ಜನರಿಗೆ ನಿಜವಾದ ಕಿಟಕಿ ಇರುವುದು ಇಲ್ಲೇ, ಗೊತ್ತಿರುವವರು ಕಡಿಮೆ. ಊರಿನ ಮಹಾ ಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸಲು 60 ದಿನ ಸಮಯ. ಯಾವ ಸರ್ವೆ ನಂಬರು ವಸತಿಗೆ, ಯಾವುದು ಕೈಗಾರಿಕೆಗೆ, ಯಾವ ರಸ್ತೆ ಮುಂದೆ ಎಷ್ಟು ಅಗಲ ಆಗಬೇಕು, ಎಲ್ಲವೂ ಆ ಬಣ್ಣದ ನಕ್ಷೆಯಲ್ಲಿ ಇರುತ್ತದೆ. ನಿಮ್ಮ ಅಂಗಡಿ ಗೋಡೆಯ ಕೆಂಪು ಗೀಟಿನ ಅಜ್ಜ ಅಲ್ಲೇ ಹುಟ್ಟಿರಬಹುದು, 10 ವರ್ಷದ ಹಿಂದೆ. ಇನ್ನು ಒಂದು ಜಾಗದ ಬಳಕೆಯನ್ನು ಮಧ್ಯದಲ್ಲಿ ಬದಲಾಯಿಸಬೇಕು ಅಂದರೆ, ಅಂದರೆ ಕೃಷಿ ವಲಯವೋ ಉದ್ಯಾನವೋ ವಾಣಿಜ್ಯ ಆಗಬೇಕು ಅಂದರೆ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆಗೆ ಬಿಡಬೇಕು. ಆ ಪ್ರಕಟಣೆ ಬೆಂಕಿಪೊಟ್ಟಣದಷ್ಟು ದೊಡ್ಡದಿರುತ್ತದೆ. ಟೆಂಡರ್ ಜಾಹೀರಾತಿಗೂ ಶ್ರದ್ಧಾಂಜಲಿಗೂ ನಡುವೆ.

ಪಾರ್ಕ್ ಅಂತ ಬಿಟ್ಟ ಜಾಗದ ವಿಷಯ ಇನ್ನೂ ಸ್ವಾರಸ್ಯ. ಬಡಾವಣೆ ಮಾಡಿದವರು ಅದನ್ನು ಪುರಸಭೆಗೆ ಬರೆದು ಕೊಡಬೇಕು. ಹಸ್ತಾಂತರ ಆಗದೇ ಉಳಿದರೆ ಕೆಲವು ವರ್ಷದಲ್ಲಿ ಅದೇ ಜಾಗಕ್ಕೆ ಹೊಸ ಸೈಟ್ ನಂಬರು ಬಂದುಬಿಡುತ್ತದೆ. ಹಸ್ತಾಂತರ ಆದ ಮೇಲೂ ನೆಮ್ಮದಿ ಇಲ್ಲ. ಯಾರೋ ಗುಡಿ ಕಟ್ಟೋಣ ಅನ್ನುತ್ತಾರೆ, ಯಾರೋ ಸಮುದಾಯ ಭವನ ಅನ್ನುತ್ತಾರೆ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳನ್ನು ಕಾಪಾಡಲೆಂದೇ 1985ರ ಕಾಯ್ದೆ ಇದೆ. ಪಾರ್ಕಿಗೆ ಬಿಟ್ಟದ್ದು ಪಾರ್ಕೇ. ಗುಡಿ ಬೇಡ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ, ಅದು ಬೇರೆ ಮಾತು.

ಮತ್ತೆ ಕೆಂಪು ಗೀಟಿಗೆ

ಈಗ ಪೇಟೆ ಬೀದಿಗೆ ವಾಪಸ್ ಬರೋಣ. ಮೊದಲ ಪ್ರಶ್ನೆ, ರಸ್ತೆ ಯಾರದ್ದು? ಊರೊಳಗೆ ಹಾದುಹೋಗುವ ರಸ್ತೆ ರಾಜ್ಯ ಹೆದ್ದಾರಿ ಅಥವಾ ಜಿಲ್ಲಾ ಮುಖ್ಯ ರಸ್ತೆ ಆಗಿದ್ದರೆ ಅದು ಲೋಕೋಪಯೋಗಿ ಇಲಾಖೆಯದ್ದು, ಅಂದರೆ ಪಿಡಬ್ಲ್ಯುಡಿಯದ್ದು. ರಾಷ್ಟ್ರೀಯ ಹೆದ್ದಾರಿ ಆದರೆ ಕೇಂದ್ರದ ನಿಯಮ. ಒಳಬೀದಿ ಮಾತ್ರ ಪುರಸಭೆಯದ್ದು. ಅಗಲ ಎಷ್ಟಿರಬೇಕು ಅನ್ನೋದನ್ನು ಹೇಳುವವರು ರಸ್ತೆಯ ಒಡೆಯರು. ಪುರಸಭೆ ಠರಾವು ಮಾಡಿ "ಅಗಲ ಮಾಡಿ" ಅಂತಲೋ "ಸ್ವಲ್ಪ ಕಡಿಮೆ ಮಾಡಿ" ಅಂತಲೋ ಕೋರಬಹುದು. ಮೂರು ಜನ ಮೂರು ಉತ್ತರ ಕೊಟ್ಟಿದ್ದು ಇದಕ್ಕೇ.

ಎರಡನೆಯ ಪ್ರಶ್ನೆಗೇ ಎಲ್ಲರ ಹೊಟ್ಟೆಪಾಡು ನಿಂತಿದೆ. ಗೀಟಿನಿಂದ ಈಚೆ ಇರುವ 4.2 ಮೀಟರ್ ನಿಮ್ಮ ಸ್ವಂತದ್ದೋ, ಒತ್ತುವರಿಯೋ? ಕ್ರಯಪತ್ರ ತೆಗೆದು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ ನೋಡಬೇಕು, ಅಳತೆ ನೋಡಬೇಕು, ಖಾತಾ ಜೊತೆ ಹೊಂದಿಸಬೇಕು. ಹಳೇ ಪೇಟೆಗಳಲ್ಲಿ ಅಜ್ಜನ ಕಾಲದ ಪತ್ರದಲ್ಲಿ "ಮೂಡಣಕ್ಕೆ ರಾಜಬೀದಿ" ಅಂತಷ್ಟೇ ಇರುತ್ತದೆ. ಬೀದಿ ಎಲ್ಲಿ ಶುರು ಅಂತ ಅಜ್ಜನೂ ಹೇಳಿಲ್ಲ. ಜಗುಲಿ, ಮೆಟ್ಟಿಲು, ಮುಂದಿನ ತಗಡಿನ ಮಾಡು ಇವೆಲ್ಲ ಹೆಚ್ಚಾಗಿ ಸಾರ್ವಜನಿಕ ಜಾಗದ ಮೇಲೆ ಇರುತ್ತವೆ. ಒಳಗಿನ ಗೋಡೆ ಸ್ವಂತದ್ದಾಗಿರುತ್ತದೆ. ಒಂದೇ ಅಂಗಡಿಯಲ್ಲಿ ಎರಡೂ ಇರಬಹುದು. ಸರ್ವೆ ಮಾಡಿಸಿ ಎರಡನ್ನೂ ಬೇರೆ ಮಾಡದ ಹೊರತು ಪರಿಹಾರದ ಮಾತು ಮುಂದೆ ಹೋಗುವುದಿಲ್ಲ.

ಸ್ವಂತ ಜಾಗ ಆದರೆ ಸಂವಿಧಾನದ 300ಎ ವಿಧಿ ನಿಮ್ಮ ಕಡೆ ಇದೆ. ಕಾನೂನಿನ ಬಲ ಇಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. ಭೂಸ್ವಾಧೀನ ಮಾಡಿ ಪರಿಹಾರ ಕೊಡಬೇಕು, ಇಲ್ಲವೇ ನೀವು ಒಪ್ಪಿ ಬಿಟ್ಟುಕೊಡಬೇಕು. ಹಣದ ಬದಲು ಅಭಿವೃದ್ಧಿ ಹಕ್ಕಿನ ಪತ್ರ, ಅಂದರೆ ಟಿಡಿಆರ್ ಕೊಡುತ್ತೇವೆ ಅನ್ನುವುದೂ ಉಂಟು. ಅದನ್ನು ಬೇರೆಡೆ ಹೆಚ್ಚು ಮಹಡಿ ಕಟ್ಟಲು ಬಳಸಬಹುದು, ಮಾರಬಹುದು. ಬೆಂಗಳೂರಿನಲ್ಲಿ ಕೊಳ್ಳುವವರು ಸಿಗುತ್ತಾರೆ. ಎರಡು ಮಹಡಿ ಮೇಲೆ ಯಾರೂ ಕಟ್ಟದ ಊರಿನಲ್ಲಿ ಆ ಕಾಗದ ತಗೊಂಡು ಏನು ಮಾಡೋದು?

ಒತ್ತುವರಿ ಆದರೆ ಪರಿಹಾರ ಇಲ್ಲ. ಇಲ್ಲೊಂದು ತಪ್ಪು ತಿಳಿವಳಿಕೆ ಹಬ್ಬಿದೆ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಕಟ್ಟಡ ಕೆಡವುವ ಮೊದಲು 15 ದಿನದ ನೋಟಿಸ್ ಕೊಡಲೇಬೇಕು ಅಂತ ಹೇಳಿತು. ಅದನ್ನು ವಾಟ್ಸ್ಯಾಪಿನಲ್ಲಿ ಓದಿದವರು ತಮ್ಮ ಜಗುಲಿಗೂ 15 ದಿನ ಸಿಗುತ್ತದೆ ಅಂದುಕೊಂಡಿದ್ದಾರೆ. ರಸ್ತೆ, ಫುಟ್‌ಪಾತ್, ಕೆರೆ-ಹೊಳೆ ಇಂಥ ಸಾರ್ವಜನಿಕ ಜಾಗದ ಮೇಲಿನ ಅನಧಿಕೃತ ಕಟ್ಟಡಕ್ಕೆ ಆ ಆದೇಶ ಅನ್ವಯ ಆಗುವುದಿಲ್ಲ ಅಂತ ಅದೇ ತೀರ್ಪಿನಲ್ಲಿ ಇದೆ.

ರಸ್ತೆ ಬದಿಯ ಮರಗಳಿಗೂ ಒಂದು ಕಾಯ್ದೆ ಇದೆ, 1976ರದ್ದು. ವೃಕ್ಷ ಅಧಿಕಾರಿಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ, 50ಕ್ಕಿಂತ ಜಾಸ್ತಿ ಮರ ಆದರೆ ಜನರ ಅಭಿಪ್ರಾಯ ಕೇಳಬೇಕು. ಫುಟ್‌ಪಾತಿನ ಹೂವು-ಹಣ್ಣಿನವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಸಮೀಕ್ಷೆ ಮುಗಿಯುವ ತನಕ ಎಬ್ಬಿಸುವಂತಿಲ್ಲ. ಅವರಿಗೆ ಜಾಗ ಗೊತ್ತುಮಾಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಷ್ಟು ವ್ಯಾಪಾರಿಗಳೇ ಇರಬೇಕು, ಅದೂ ತಮ್ಮತಮ್ಮೊಳಗೆ ಚುನಾವಣೆ ಮಾಡಿ ಬಂದವರು. ಪಟ್ಟಣದಲ್ಲಿ ಕಾನೂನಿನಿಂದ ಹೀಗೆ ಕುರ್ಚಿ ಪಡೆದ ಸಾಮಾನ್ಯ ಜನ ಇವರು. ಕಟ್ಟಡದ ಮಾಲೀಕರಿಗೂ ಅಂಥ ಕುರ್ಚಿ ಇಲ್ಲ. ನನಗಂತೂ ಇದು ಖುಷಿ ಕೊಡುವ ವಿಷಯ.

ಗೀಟು ಬಿದ್ದಾಗಿದೆ, ಈಗ ಏನು ಕೇಳಬೇಕು ಅಂದರೆ, ಧರಣಿಗೆ ಮೊದಲು ಕಾಗದ ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ಊರಿನ ಇತಿಹಾಸ ಬರೆಯಲು ಹೋಗಬೇಡಿ. "ಯಾಕೆ ಮಾಡಿದಿರಿ?" ಅಂತ ಕೇಳಿದರೆ ಉತ್ತರ ಬರುವುದಿಲ್ಲ, ಕಡತದಲ್ಲಿ ಇಲ್ಲ ಅಂದುಬಿಡುತ್ತಾರೆ. ಇರುವ ಕಾಗದವನ್ನೇ ಹೆಸರು ಹಿಡಿದು ಕೇಳಬೇಕು: ಇಂಥ ತಿಂಗಳಿನಿಂದ ಇಂಥ ತಿಂಗಳವರೆಗಿನ ಸಾಮಾನ್ಯ ಸಭೆಗಳ ಸೂಚನಾ ಪತ್ರ ಮತ್ತು ನಡವಳಿಗಳ ದೃಢೀಕೃತ ನಕಲು. ಪುಟಕ್ಕೆ 2 ರೂಪಾಯಿ. ಬಂದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಕೊನೆಯ ಪುಟದಿಂದ ಓದಲು ಶುರು ಮಾಡಿ, ಆ "ಇತರೆ ವಿಷಯಗಳು" ಅನ್ನುವ ಸಾಲಿನಿಂದ.